ನಿಂತಲ್ಲೇ ನಿಂತ ಬಾಳು



ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ಬೆಳಗಿನ ಹೊತ್ತು ನಡೆದಾಡುವ ಅಭ್ಯಾಸ ನಿಮಗಿದೆಯೇ? ಎಂಟು ಗಂಟೆಯ ಸುಮಾರಿಗೆ ಹೆಚ್ಚಿನವರು ಮನೆಯ ಕಡೆ ಹೊರಡುತ್ತಾರೆ. ಮಕ್ಕಳಿಗೆ ಡಬ್ಬಿ ಕಟ್ಟಬೇಕು, ಬಸ್ಸು ಹಿಡಿಯಬೇಕು, ಅಂಗಡಿಯ ಬಾಗಿಲು ತೆಗೆಯಬೇಕು. ಆದರೆ ಒಬ್ಬಿಬ್ಬರು ಬೆಂಚಿನ ಮೇಲೆ ಹಾಗೆಯೇ ಕುಳಿತಿರುತ್ತಾರೆ. ಕೈಯಲ್ಲಿ ಪತ್ರಿಕೆಯಿರುತ್ತದೆ, ಪುಟ ಮಗುಚುವುದಿಲ್ಲ. ಮನೆಗೆ ಹೋದರೆ ಹೆಂಡತಿಯ ಮುಖ ನೋಡಬೇಕು. ಬೀದಿಯಲ್ಲಿ ನಡೆದರೆ, "ಏನಣ್ಣ, ಇನ್ನೂ ಮನೇಲೇ ಇದ್ದೀರಾ?" ಎಂಬ ಪ್ರಶ್ನೆ ಕಾದಿರುತ್ತದೆ. ಅದಕ್ಕಿಂತ ಈ ಬೆಂಚೇ ವಾಸಿ ಎನಿಸುತ್ತದೆ.

ಬೆಂಚಿನ ಮೇಲೆ ಕುಳಿತವರದು ಮಾತ್ರ ಈ ಪಾಡಲ್ಲ. ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲಿ ವರ್ಷಗಳೇ ಕಳೆದು, ತನ್ನ ಬಾಳು ಅಡುಗೆಮನೆಗೂ ಆ ಕೋಣೆಗೂ ನಡುವೆ ನಿಂತುಹೋಯಿತು ಎಂದುಕೊಳ್ಳುವ ಸೊಸೆಯಿದ್ದಾಳೆ. ನಾಲ್ಕೈದು ಸಲ ಪರೀಕ್ಷೆ ಬರೆದು, ಈಗ ಪುಸ್ತಕ ಮುಟ್ಟಲೂ ಆಗದೆ ಮಂಚದ ಮೇಲೆ ಮಲಗಿರುವ ಮಗನಿದ್ದಾನೆ. ಭಾನುವಾರ ತಪ್ಪದೆ ಬಲಿಪೂಜೆಗೆ ಬಂದರೂ ಒಳಗೆ ಏನೂ ಅಲುಗದ ಹಿರಿಯರಿದ್ದಾರೆ. ಎಲ್ಲರ ಮಾತೂ ಒಂದೇ: "ಎಲ್ಲೋ ಸಿಕ್ಕಿಹಾಕಿಕೊಂಡ ಹಾಗಾಗಿದೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ."

ಇಂಥವರನ್ನು ಕಂಡಾಗ ನಮ್ಮ ನಾಲಿಗೆಗೆ ಬೇಗ ಬರುವ ಪದ "ಸೋಮಾರಿ". ನಾವು ಸ್ವಲ್ಪ ಭಕ್ತಿವಂತರಾಗಿದ್ದರೆ "ವಿಶ್ವಾಸ ಸಾಲದು" ಎನ್ನುತ್ತೇವೆ. ಇದು ನ್ಯಾಯವೇ? ಸಿಕ್ಕಿಕೊಂಡಿರುವುದು ಪಾಪವೇ, ಕಾಯಿಲೆಯೇ, ಅಥವಾ ಬೇರೇನಾದರೂ ಆಗಿದೆಯೇ? ಈ ವಾರ ಇದನ್ನು ಕೂಡಿ ಆಲೋಚಿಸೋಣ.

ಗಡಿಯಾರ ಬೇಡವಾದ ಊರು

ನಮ್ಮ ಮತ್ತಿಕೆರೆಯ ಸುತ್ತಮುತ್ತ ಬೆಳೆದವರಿಗೆ ಜಾಲಹಳ್ಳಿಯ ಎಚ್.ಎಂ.ಟಿ. ಹೊಸ ಹೆಸರೇನಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಅಲ್ಲಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ನಿವೃತ್ತಿಗೆ, ಎಲ್ಲಕ್ಕೂ ಅದೇ ಗಡಿಯಾರದ ಉಡುಗೊರೆ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಬೆಳಗಿನ ಪಾಳಿ, ಊಟದ ಗಂಟೆ, ಜೊತೆಗಾರರ ತಮಾಷೆ, ತಿಂಗಳ ಸಂಬಳ ಎಂದು ದಿನಕ್ಕೆ ಒಂದು ಆಕಾರ ಕೊಟ್ಟಿದ್ದ ಕಾರ್ಖಾನೆ ನಿಂತರೆ ಮನುಷ್ಯನೊಳಗೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದವರಿದ್ದಾರೆ. ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಹತ್ತಿರ ಮಾರಿಯೆಂಥಾಲ್ ಎಂಬ ಊರಿತ್ತು. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿಹೋಯಿತು. ಮಾರೀ ಯಹೋದ ಎಂಬ ಮಹಿಳೆ ಮತ್ತು ಅವರ ಸಂಗಡಿಗರು 1931-32ರಲ್ಲಿ ಆ ಊರಿಗೆ ಹೋಗಿ ಜನರ ದಿನಚರಿಯನ್ನು ಗಮನಿಸಿದರು. ಬಿಡುವು ಸಿಕ್ಕಿದೆ, ಇನ್ನು ಓದುತ್ತಾರೆ, ಸಂಘ-ಸಭೆಗಳಿಗೆ ಬರುತ್ತಾರೆ ಎಂದು ನಾವು ಎಣಿಸುತ್ತೇವಲ್ಲವೇ? ಆದದ್ದು ತದ್ವಿರುದ್ಧ. ಊರಿನ ಗ್ರಂಥಾಲಯದಿಂದ ಪುಸ್ತಕ ಪಡೆಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು, ಬೀದಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಅವರಲ್ಲಿ ಹೆಚ್ಚಿನವರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಮನೆಗೆಲಸವಿದ್ದ ಹೆಂಗಸರು ಮಾತ್ರ ಚುರುಕಾಗಿ ನಡೆಯುತ್ತಿದ್ದರು.

ಕೆಲಸ ನಮಗೆ ಸಂಬಳವನ್ನಷ್ಟೇ ಕೊಡುವುದಿಲ್ಲ, ಹೊತ್ತಿಗೊಂದು ಕ್ರಮ, ಮನೆಯಾಚೆಗಿನ ಒಡನಾಟ, ಹತ್ತು ಜನರೊಂದಿಗೆ ಸೇರಿದ ಗುರಿ, ಸಮಾಜದಲ್ಲೊಂದು ಸ್ಥಾನ, ಕೈಗೆ ಚಟುವಟಿಕೆ, ಇವನ್ನೂ ಕೊಡುತ್ತದೆ ಎಂದು ಯಹೋದ ಮುಂದೆ ವಿವರಿಸಿದರು. ಇವು ಕಳಚಿದಾಗ ದುಡಿಯುವ ಕೈಯೂ ಜಡವಾಗುತ್ತದೆ. ಮಾರಿಯೆಂಥಾಲ್‌ನ ಗಂಡಸರು ಮೊದಲು ಸೋಮಾರಿಗಳಾಗಿದ್ದು ಆಮೇಲೆ ಕೆಲಸ ಕಳೆದುಕೊಂಡವರಲ್ಲ ಎಂಬುದನ್ನು ಮರೆಯಬಾರದು.

ನಡುಹಗಲಿನ ಪಿಶಾಚಿ

ಪವಿತ್ರ ಧರ್ಮಸಭೆಗೆ ಈ ಜಡತ್ವ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯುಸ್ ಎಂಬ ಸನ್ಯಾಸಿ ಅದನ್ನು ತನ್ನ ಸಂಗಡಿಗರಲ್ಲೇ ಕಂಡು ಬರೆದಿಟ್ಟರು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಸೂರ್ಯ ಅಲುಗುವುದೇ ಇಲ್ಲ, ಹಗಲು ಐವತ್ತು ಗಂಟೆಯಷ್ಟು ಉದ್ದವಾಗಿದೆ ಎನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ. ಇರುವ ಜಾಗ ಬೇಸರ, ಮಾಡುವ ಕೆಲಸ ಬೇಸರ, ನನ್ನನ್ನು ಕೇಳುವವರಿಲ್ಲ ಎಂಬ ಕೊರಗು. ಇದನ್ನು ನಡುಹಗಲಿನ ಪಿಶಾಚಿ ಎಂದೇ ಕರೆದರು. ಗ್ರೀಕಿನಲ್ಲಿ ಅದರ ಹೆಸರು ಅಕೇಡಿಯ, ಅಂದರೆ ಯಾವುದರ ಮೇಲೂ ಅಕ್ಕರೆಯಿಲ್ಲದ ಸ್ಥಿತಿ.

ಇದೇ ಪದ ಶತಮಾನಗಳ ಪಯಣದಲ್ಲಿ ಬದಲಾಗುತ್ತಾ, ಧರ್ಮೋಪದೇಶದ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಏಳು ಮಹಾಪಾಪಗಳ ಪಟ್ಟಿಯಲ್ಲಿ "ಸೋಮಾರಿತನ" ಆಯಿತು. ಆದರೆ ಮರಳುಗಾಡಿನ ತಂದೆಯರು ಅದನ್ನು ಮೊದಲು ಕಂಡದ್ದು ಒಂದು ದಾಳಿಯಾಗಿ. ದಾಳಿಗೆ ಒಳಗಾಗುವುದು ಅಪರಾಧವಲ್ಲ. ಬಾಗಿಲು ತೆರೆದಿಟ್ಟು ಅದನ್ನು ಮನೆಯ ಯಜಮಾನನನ್ನಾಗಿ ಮಾಡಿಕೊಳ್ಳುವುದು ಅಪಾಯ. ಈ ವ್ಯತ್ಯಾಸ ನಮ್ಮ ಬಾಯಿಪಾಠದಲ್ಲಿ ಕಳೆದುಹೋಯಿತು.

ಮರಳುಗಾಡಿನ ಸಂತ ಅಂತೋಣಿಯವರನ್ನೂ ಇದು ಕಾಡಿತ್ತು. (ಮಂಗಳವಾರದ ನೊವೇನಾದಲ್ಲಿ ನಾವು ನೆನೆಯುವ ಪಾದುವಾದ ಅಂತೋಣಿಯವರಲ್ಲ, ಅವರಿಗಿಂತ ಸುಮಾರು 900 ವರ್ಷ ಹಿಂದಿನವರು.) ರಕ್ಷಣೆ ಹೊಂದಬೇಕೆಂಬ ಆಸೆಯಿದೆ, ಮನಸ್ಸು ಬಿಡುತ್ತಿಲ್ಲ, ಏನು ಮಾಡಲಿ ಎಂದು ಅವರು ದೇವರನ್ನು ಬೇಡಿದರಂತೆ. ಹೊರಗೆ ಬಂದು ನೋಡಿದರೆ ತಮ್ಮಂತೆಯೇ ಇದ್ದ ಒಬ್ಬ ವ್ಯಕ್ತಿ ಕುಳಿತು ಹಗ್ಗ ಹೆಣೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸಿದ. ಮತ್ತೆ ಕುಳಿತು ಹೆಣೆದ, ಮತ್ತೆ ಎದ್ದು ಪ್ರಾರ್ಥಿಸಿದ. ಅವನು ದೇವದೂತ. ಹೀಗೆ ಮಾಡು, ಉದ್ಧಾರವಾಗುತ್ತೀಯೆ ಎಂಬ ಉತ್ತರ ದೊರೆಯಿತು. ನೋಡಿ, ದರ್ಶನದಲ್ಲಿ ದೊಡ್ಡ ಬೋಧನೆಯಿಲ್ಲ. ಒಂದು ಹಗ್ಗ, ಒಂದು ಪ್ರಾರ್ಥನೆ, ಮತ್ತೆ ಹಗ್ಗ.

ಮನಸ್ಸು ಮೊದಲೋ, ಕೆಲಸ ಮೊದಲೋ?

"ಮನಸ್ಸು ಬಂದರೆ ಮಾಡುತ್ತೇನೆ" ಎನ್ನುತ್ತೇವೆ. ಮನಶ್ಶಾಸ್ತ್ರ ಹೇಳುವುದು ಬೇರೆ. ಮನಸ್ಸು ಕುಗ್ಗಿದಾಗ ಮನುಷ್ಯ ಒಂದೊಂದೇ ಚಟುವಟಿಕೆಯನ್ನು ಬಿಡುತ್ತಾನೆ. ಬಿಟ್ಟಷ್ಟೂ ಸಂತೋಷ ಕೊಡುವ ಸಂದರ್ಭಗಳು ಕಡಿಮೆಯಾಗುತ್ತವೆ. ಅವು ಕಡಿಮೆಯಾದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಅಮೆರಿಕದ ಪೀಟರ್ ಲ್ಯೂಯಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಈ ಸುಳಿಯನ್ನು ವಿವರಿಸಿದರು. ಅದರಿಂದ ಹೊರಬರುವ ದಾರಿ, ಮನಸ್ಸಿಗಾಗಿ ಕಾಯದೆ ಒಂದು ಸಣ್ಣ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡುವುದು. ಎದ್ದ ಮೇಲೆ ಮನಸ್ಸು ಹಿಂದಿನಿಂದ ಬರುತ್ತದೆ.

ಇದು ಪರದೇಶದ ಮಾತು ಎನ್ನಬೇಡಿ. ನಮ್ಮ ನೆರೆಯ ಗೋವಾದಲ್ಲಿ ತೀವ್ರ ಖಿನ್ನತೆಯಿದ್ದ ಸುಮಾರು 500 ಜನರ ಮೇಲೆ ಈ ವಿಧಾನವನ್ನು ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಳಿತು ಮಾತನಾಡಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನರು. ಕೆಲವೇ ಭೇಟಿಗಳು. ಮೂರು ತಿಂಗಳ ನಂತರ ನೋಡಿದಾಗ ಈ ನೆರವು ದೊರೆತವರಲ್ಲಿ ನೂರಕ್ಕೆ 64 ಜನರ ಖಿನ್ನತೆ ಇಳಿದಿತ್ತು. ಈ ನೆರವಿಲ್ಲದೆ ಆರೋಗ್ಯ ಕೇಂದ್ರದ ಉಪಚಾರ ಮಾತ್ರ ಪಡೆದವರಲ್ಲಿ ಅದು ನೂರಕ್ಕೆ 39.

ಈಗ ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ತೆರೆಯಿರಿ. ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೊಳ್ಳಿ ಎಂದು ದೇವರನ್ನು ಕೇಳುತ್ತಾನೆ. ದೇವರು ಗದರಿದರೇ? ವಿಶ್ವಾಸ ಸಾಲದು ಎಂದರೇ? ಇಲ್ಲ. ಮಲಗಲು ಬಿಟ್ಟರು. ದೂತನ ಕೈಯಲ್ಲಿ ಬಿಸಿ ರೊಟ್ಟಿ, ನೀರು ಕಳುಹಿಸಿದರು. ಮತ್ತೆ ಮಲಗಲು ಬಿಟ್ಟು, ಮತ್ತೆ ಉಣಿಸಿದರು. ಆಮೇಲೆಯೇ ದಾರಿ ತೋರಿಸಿದರು. ಮೊದಲು ರೊಟ್ಟಿ, ನಿದ್ದೆ, ಆಮೇಲೆ ಹೆಜ್ಜೆ. ಮಾತು ಅದಕ್ಕೂ ಆಮೇಲೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ರಾತ್ರಿ ಮಲಗುವ ಮುನ್ನ ನಾಳೆಯ ಒಂದೇ ಒಂದು ಕೆಲಸವನ್ನು ಹೊತ್ತಿನ ಸಮೇತ ಚೀಟಿಯಲ್ಲಿ ಬರೆದಿಡಿ. ಏಳಕ್ಕೆ ಎದ್ದು ಗಿಡಗಳಿಗೆ ನೀರು ಹಾಕುವುದು, ಹತ್ತಕ್ಕೆ ಒಬ್ಬ ಹಳೆಯ ಜೊತೆಗಾರನಿಗೆ ಫೋನ್ ಮಾಡುವುದು, ಇಷ್ಟೇ ಸಾಕು. ಅದಕ್ಕೆ ಒಂದು ಚಿಕ್ಕ ಪ್ರಾರ್ಥನೆಯನ್ನು ಜೋಡಿಸಿ, ಹಗ್ಗಕ್ಕೆ ಅಂತೋಣಿಯವರು ಜೋಡಿಸಿದ ಹಾಗೆ. ಐವತ್ತಮೂರು ಮಣಿ ಜಪಸರ ಆಗದಿದ್ದರೆ ಹತ್ತು ಮಣಿ ಮಾಡಿ. ಮಾಡಿದ ಮೇಲೆ ಖುಷಿಯಾಯಿತೇ ಎಂದು ಒಡನೆಯೇ ಅಳೆಯಬೇಡಿ. ಇನ್ನೊಂದು ಎಚ್ಚರಿಕೆಯನ್ನು ಸಂತ ಇಗ್ನಾಸಿಯವರು ಕೊಟ್ಟಿದ್ದಾರೆ. ಮನಸ್ಸಿಗೆ ಕತ್ತಲೆ ಕವಿದಿರುವಾಗ ಹಿಂದೆ ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಮನೆ ಮಾರುವುದು, ಮದುವೆ ಮುರಿಯುವುದು, ಊರು ಬಿಡುವುದು ಇವನ್ನೆಲ್ಲ ಕತ್ತಲೆಯಲ್ಲಿ ತೀರ್ಮಾನಿಸಬೇಡಿ.

ನಾಲ್ವರು ಹೊತ್ತ ಹಾಸಿಗೆ

"ಆ ಒಂದು ಹೆಜ್ಜೆಯೂ ಇಡಲಾಗದು" ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ತಪ್ಪಿಸಿಕೊಳ್ಳಲಾಗದ ನೋವನ್ನು ಉಂಡ ನಾಯಿಗಳು, ಮುಂದೆ ಚಿಕ್ಕ ತಡೆಯನ್ನು ದಾಟಿದರೆ ಸಾಕು ಎಂಬ ಸ್ಥಿತಿಯಲ್ಲೂ ಬಿದ್ದಲ್ಲೇ ಬಿದ್ದಿದ್ದವು. ಅವನ್ನು ಹಗ್ಗ ಹಿಡಿದು ಹಲವು ಬಾರಿ ಆಚೆ ದಾಟಿಸಿದ ಮೇಲೆ ತಾವಾಗಿಯೇ ದಾಟಲು ಕಲಿತವು. ದೀರ್ಘ ನೋವಿನಲ್ಲಿ ಜಡವಾಗುವುದು ಮೆದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ನನ್ನಿಂದಾಗುತ್ತದೆ ಎಂಬುದನ್ನು ಎಂದು 2016ರಲ್ಲಿ ಆ ಇಬ್ಬರೇ ತಮ್ಮ ಹಳೆಯ ವಿವರಣೆಯನ್ನು ತಿದ್ದಿಕೊಂಡರು.

ಯಾರಾದರೂ ಮೊದಲು ದಾಟಿಸಬೇಕು. ಸಂತ ಮಾರ್ಕರ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದು, ಛಾವಣಿ ತೆರೆದು ಯೇಸುಸ್ವಾಮಿಯ ಮುಂದೆ ಇಳಿಸುತ್ತಾರೆ. ಪ್ರಭು ಕಂಡದ್ದು ಯಾರ ವಿಶ್ವಾಸವನ್ನು? ಆ ಹೊತ್ತು ತಂದವರ ವಿಶ್ವಾಸವನ್ನು. ಮಲಗಿದ್ದವನು ಒಂದು ಮಾತನ್ನೂ ಆಡಿದಂತೆ ಬರೆದಿಲ್ಲ. ಸಿಕ್ಕಿಕೊಂಡವನ ಬಳಿ ವಿಶ್ವಾಸ ಉಳಿದಿಲ್ಲದಿದ್ದರೆ ನಮ್ಮದನ್ನು ಅವನಿಗೆ ಸಾಲ ಕೊಡಬಹುದು. ಸಭೆ ಎಂದರೆ ಇದೇ ಅಲ್ಲವೇ?

ಹೊರುವವರು ವೈದ್ಯರಾಗಿರಬೇಕಾದ ಸಂದರ್ಭವೂ ಉಂಟು. ಎರಡು ವಾರಕ್ಕೂ ಮೀರಿ ಬಹುಪಾಲು ದಿನ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರನ್ನು ಕಾಣಿರಿ. ಸಾವಿನ ಆಲೋಚನೆ ಬರುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ನಮ್ಮ ಊರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಲ್ಲ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬ ಅರ್ಥದ ಬುದ್ಧಿವಾದ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ.

ಕೊನೆಗೆ ನಮ್ಮ ಪ್ರಶ್ನೆಗೆ ಬರೋಣ. ಸಿಕ್ಕಿಕೊಂಡಿರುವುದು ನಿಮ್ಮ ಅಪರಾಧವಲ್ಲ. ಆದರೆ ಮುಂದಿನ ಒಂದು ಹೆಜ್ಜೆ ನಿಮಗೆ ಸೇರಿದ್ದು. ಅದನ್ನು ಒಬ್ಬರೇ ಇಡಲಾಗದಿದ್ದರೆ "ಬನ್ನಿ, ಕೈ ಹಿಡಿಯಿರಿ" ಎಂದು ಕೇಳುವುದೇ ಆ ಹೆಜ್ಜೆ. ಕೇಳಲೂ ಬಾಯಿ ಬಾರದವರ ಹಾಸಿಗೆ ಹೊರುವ ಹೊಣೆ ಉಳಿದ ನಮ್ಮದು. ಸಂತ ಯೊವಾನ್ನರು ಹೇಳುವ ಕೊಳದ ಬಳಿಯ ರೋಗಿ 38 ವರ್ಷ ನರಳಿದ್ದವನು. ನನ್ನನ್ನು ಎತ್ತಿ ನೀರಿಗಿಳಿಸಲು ಯಾರೂ ಇಲ್ಲ ಎಂಬುದು ಅವನ ಅಳಲು. ನಮ್ಮ ಧರ್ಮಕೇಂದ್ರದಲ್ಲಿ ಯಾರೂ ಈ ಮಾತನ್ನು ಆಡುವಂತಾಗಬಾರದು.

ನಾಳೆ ಪಾರ್ಕಿನಲ್ಲಿ ಆ ಬೆಂಚಿನ ಪಕ್ಕ ಹಾದುಹೋಗುವಾಗ ಒಂದು ನಿಮಿಷ ಕುಳಿತುಕೊಳ್ಳಿ. "ಇನ್ನೂ ಕೆಲಸ ಸಿಗಲಿಲ್ಲವಾ?" ಎಂದು ಕೇಳಬೇಡಿ. "ಅಣ್ಣ, ನಾಳೆ ಬೆಳಿಗ್ಗೆ ಆರೂವರೆಗೆ ನಿಮ್ಮ ಮನೆ ಬಾಗಿಲಿಗೆ ಬರ್ತೀನಿ. ಪೂಜೆಗೆ ಜೊತೆಯಲ್ಲೇ ಹೋಗೋಣ, ಬರ್ತಾ ಕಾಫಿ ಕುಡಿಯೋಣ" ಎನ್ನಿ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಬಾಗಿಲು ತಟ್ಟಿ. ತೆರೆಯದಿದ್ದರೆ ಮರುದಿನವೂ ಹೋಗಿ.