ಧೈರ್ಯವು ಹುಟ್ಟುಗುಣವೆ?

ಪರಶುರಾಮನ ತಲೆಗೆ ತನ್ನ ತೊಡೆಯನ್ನೇ ದಿಂಬಾಗಿ ಕೊಟ್ಟು ಕುಳಿತ ಕರ್ಣನ ಕಥೆಯನ್ನು ಅರಿಯದವರು ನಮ್ಮ ಮನೆಗಳಲ್ಲಿ ವಿರಳ. ಕೀಟವೊಂದು ತೊಡೆಯನ್ನು ಕೊರೆದು ರಕ್ತವು ಹರಿದರೂ ಗುರುವಿನ ನಿದ್ರೆಗೆ ಭಂಗವಾದೀತೆಂದು ಅವನು ಕದಲಲಿಲ್ಲ. ಎಚ್ಚೆತ್ತ ಭಾರ್ಗವನು ಆ ಸಹನೆಯನ್ನು ಕಂಡು ಮೆಚ್ಚಲಿಲ್ಲ. ಇಷ್ಟು ನೋವನ್ನು ತಡೆದವನು ಬ್ರಾಹ್ಮಣನಾಗಿರಲಾರನೆಂದು ತರ್ಕಿಸಿ, ನಿಜವನ್ನು ಹೊರಡಿಸಿ, ಶಪಿಸಿದನು. ಗುಣವನ್ನು ಕಂಡು ಕುಲವನ್ನು ಊಹಿಸುವ ಈ ತರ್ಕವನ್ನು ಪಾಠಶಾಲೆಯಲ್ಲಿ ಓದುವಾಗ ನಾವು ಯಾರೂ ಶಂಕಿಸಿದವರಲ್ಲ. ಆದರೆ ಅದೇ ಭಾರತದಲ್ಲಿ ವಿರಾಟನ ಮಗನಾದ ಉತ್ತರನೂ ಇದ್ದಾನೆ. ಕುಲದಿಂದ ಕ್ಷತ್ರಿಯ, ಅಂತಃಪುರದಲ್ಲಿ ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನು ಅವನನ್ನು ಅಟ್ಟಿ ಹಿಡಿದು, ಸಂತೈಸಿ, ಸಾರಥ್ಯಕ್ಕೆ ಕೂರಿಸಿದನು. ಆ ಉತ್ತರನೇ ಮುಂದೆ ಕುರುಕ್ಷೇತ್ರದ ಮೊದಲ ದಿನ ಶಲ್ಯನನ್ನೆದುರಿಸಿ ಮಡಿದನು. ಓಟಕ್ಕೆ ನಗುವ ನಾವು ಈ ಮರಣವನ್ನು ನೆನೆಯುವುದು ಕಡಮೆ.

ಅಪಾಯಕ್ಕೆ ಎದೆಗೊಡುವ ಗುಣವು ಬೀಜದಿಂದ ಬರತಕ್ಕುದೋ, ಬೆಳೆದ ನೆಲದಿಂದ ಬರತಕ್ಕುದೋ ಎಂಬ ಪ್ರಶ್ನೆಯು ಈ ಎರಡು ಕಥೆಗಳಲ್ಲಿಯೂ ಅಡಗಿದೆ. ಪ್ರಾಸಂಗಿಕವಾಗಿ ಒಂದು ಮಾತು. ನಾವಿಂದು ಹೊಗಳಿಕೆಗೆ ಬಳಸುವ ‘ಸಾಹಸ’ ಎಂಬ ಪದವು ಧರ್ಮಶಾಸ್ತ್ರಗಳಲ್ಲಿ ಅಪರಾಧವೊಂದರ ಹೆಸರು. ಎದುರಿಗೇ ಬಲಾತ್ಕಾರದಿಂದ ಮಾಡಿದ ಅಪಹಾರ ಮೊದಲಾದುವನ್ನು ಮನುಸ್ಮೃತಿಯು ಆ ಹೆಸರಿನಿಂದ ವ್ಯವಹಾರಪದಗಳಲ್ಲಿ ಎಣಿಸಿದೆ. ಒಂದು ಕಾಲದಲ್ಲಿ ದಂಡಕ್ಕೆ ಗುರಿಯಾದ ಹೆಸರಿಗೆ ಇನ್ನೊಂದು ಕಾಲದಲ್ಲಿ ಹಾರತುರಾಯಿಗಳು ಬೀಳುತ್ತವೆ.

ಪಶ್ಚಿಮದಲ್ಲಿ ಈ ವಿಷಯವನ್ನು ಲೆಕ್ಕಕ್ಕೆ ತರಲು ಯತ್ನಿಸಿದ ಮೊದಲಿಗರಲ್ಲಿ ಡಾರ್ವಿನ್ನನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ ಒಬ್ಬನು. ನ್ಯಾಯಾಧೀಶರು, ರಾಜಕಾರಣಿಗಳು ಮೊದಲಾದ ಪ್ರಸಿದ್ಧರ ಬಂಧುಗಳಲ್ಲಿ ಪ್ರಸಿದ್ಧರಾದವರು ಉಳಿದ ಜನರಲ್ಲಿರುವುದಕ್ಕಿಂತ ಹೆಚ್ಚೆಂದು ತೋರಿಸಿ, ಪ್ರತಿಭೆಯು ವಂಶಾನುಗತವೆಂದು ಅವನು 1869ರ ಗ್ರಂಥದಲ್ಲಿ ವಾದಿಸಿದನು. ನ್ಯಾಯಾಧೀಶನ ಮಗನಿಗೆ ತಂದೆಯ ರಕ್ತದೊಡನೆ ತಂದೆಯ ಮನೆ, ಪುಸ್ತಕಗಳು, ಪರಿಚಯಗಳೂ ದೊರೆತಿದ್ದುವೆಂಬುದನ್ನು ಅವನು ಹಗುರವಾಗಿ ಕಂಡನು. ಅದೇ ಕಾಲದಲ್ಲಿ, 1871ರಲ್ಲಿ, ನಮ್ಮ ದೇಶದ ಆಂಗ್ಲ ಸರಕಾರವು ಕೆಲವು ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ ಶಾಸನವನ್ನು ಮಾಡಿತು. ಅದು ಪೂರ್ಣವಾಗಿ ರದ್ದಾದುದು 1952ರಲ್ಲಿ. ಎಂಬತ್ತು ವರ್ಷಗಳ ಕಾಲ ತೊಟ್ಟಿಲ ಕೂಸಿನ ಮುಂದಣ ನಡತೆಯನ್ನು ಪೊಲೀಸ್ ಠಾಣೆಯ ದಫ್ತರವು ನಿರ್ಣಯಿಸುತ್ತಿತ್ತು. ಈ ಪ್ರಶ್ನೆಯು ಪಂಡಿತರ ವಿನೋದ ಮಾತ್ರವಲ್ಲವೆಂದು ನಾನು ಹೇಳುವುದು ಅದಕ್ಕಾಗಿ.

ಹಾಗೆಂದು ಬೀಜಕ್ಕೆ ಏನೂ ಶಕ್ತಿಯಿಲ್ಲವೆಂದರೆ ಅದೂ ಸುಳ್ಳಾದೀತು. ಸ್ವೀಡನ್ ದೇಶದ ಅವಳಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2009ರಲ್ಲಿ, ದಾನಬುದ್ಧಿಯಲ್ಲಿಯೂ ಗಂಡಾಂತರಕ್ಕೆ ಒಡ್ಡಿಕೊಳ್ಳುವುದರಲ್ಲಿಯೂ ಜನಜನಕ್ಕೆ ಇರುವ ವ್ಯತ್ಯಾಸದ ಸುಮಾರು ಐದರಲ್ಲೊಂದು ಪಾಲು ವಂಶದಿಂದ ಬಂದುದೆಂದು ಕಂಡುಕೊಂಡರು. ಇದನ್ನು ಓದಿದವರು ‘ನನ್ನ ಧೈರ್ಯದ ಐದನೆಯ ಒಂದು ಪಾಲು ತಂದೆಯದು’ ಎಂದು ಅರ್ಥಮಾಡಬಾರದು. ಅದು ಜನಸಮೂಹದೊಳಗಣ ಅಂತರದ ಲೆಕ್ಕ. ಒಬ್ಬನ ಎದೆಯೊಳಗಿನ ಪಾಲುಪಟ್ಟಿಯಲ್ಲ. ನೆಲ ಬದಲಾದರೆ ಲೆಕ್ಕವೂ ಬದಲಾಗುವುದು. ಇನ್ನು, 1996ರಲ್ಲಿ ಮಿದುಳಿನ ಡೋಪಮೈನ್ ಎಂಬ ದ್ರವ್ಯಕ್ಕೆ ಸಂಬಂಧಿಸಿದ ಒಂದು ಜೀನಿಗೂ ಹೊಸತನ್ನು ಅರಸುವ ಸ್ವಭಾವಕ್ಕೂ ನಂಟಿದೆಯೆಂದು ಪ್ರಕಟವಾದಾಗ, ಸಾಹಸದ ಮೂಲವೇ ಕೈಗೆ ಸಿಕ್ಕಿತೆಂದು ಹಲವರು ನಂಬಿದರು. 2019ರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರ ವಂಶದ್ರವ್ಯವನ್ನು ಶೋಧಿಸಿ ನೋಡಲಾಗಿ, ಗಂಡಾಂತರದ ಒಲವಿಗೆ ಸಂಬಂಧಿಸಿದ ಎಡೆಗಳು 99 ದೊರೆತುವು. ಒಂದೊಂದರ ಬಲವೂ ಅತ್ಯಲ್ಪ. ಇಡೀ ವಂಶದ್ರವ್ಯದ ಗುರುತುಗಳನ್ನು ಕೂಡಿಸಿ ಲೆಕ್ಕಹಾಕಿದರೂ ಜನರ ನಡುವಣ ಅಂತರದಲ್ಲಿ ನೂರಕ್ಕೆ ಎರಡು ಪಾಲನ್ನೂ ಮುಂದಾಗಿ ಹೇಳಲಾಗಲಿಲ್ಲ. ಡೋಪಮೈನಿನ ಹಳೆಯ ಊಹೆಗೂ ಬೆಂಬಲ ಸಿಗಲಿಲ್ಲ. ಭಾರ್ಗವನಷ್ಟು ಖಚಿತವಾಗಿ ನುಡಿಯಲು ಇಂದಿನ ಯಾವ ಪಂಡಿತನಿಗೂ ಆಧಾರವಿಲ್ಲ.

ನೆಲದ ಕಡೆಗೆ ಬರೋಣ. ಮೇಘಾಲಯದ ಖಾಸಿ ಜನರಲ್ಲಿ ಕುಲವು ತಾಯಿಯಿಂದ ಎಣಿಕೆಯಾಗುವುದು. ಮನೆಯ ಆಸ್ತಿಯು ಕಿರಿಯ ಮಗಳಿಗೆ ಸಲ್ಲುವುದು. ಆಫ್ರಿಕದ ತಾಂಜಾನಿಯದ ಮಸಾಯಿ ಜನರಲ್ಲಿ ಗಂಡಸರದೇ ಯಜಮಾನಿಕೆ. ಈ ಎರಡು ಜನಾಂಗಗಳ ನಡುವೆ ನಡೆಸಿದ ಒಂದು ಸರಳವಾದ ಪ್ರಯೋಗವು 2009ರಲ್ಲಿ ಪ್ರಕಟವಾಯಿತು. ಮೂರು ಮೀಟರು ದೂರದ ಬಕೆಟ್ಟಿಗೆ ಚೆಂಡನ್ನು ಹತ್ತು ಸಾರಿ ಎಸೆಯತಕ್ಕುದು. ಬಿದ್ದ ಪ್ರತಿ ಚೆಂಡಿಗೂ ನಿಶ್ಚಿತವಾದ ಹಣವನ್ನು ಪಡೆಯಬಹುದು. ಇಲ್ಲವೆ ಕಾಣದ ಎದುರಾಳಿಯೊಡನೆ ಪಂದ್ಯ ಕಟ್ಟಬಹುದು. ಗೆದ್ದರೆ ಮೂರು ಪಟ್ಟು, ಸೋತರೆ ಬರಿಗೈ. ಮಸಾಯಿ ಗಂಡಸರಲ್ಲಿ ಅರ್ಧದಷ್ಟು ಮಂದಿ ಪಂದ್ಯವನ್ನು ಆರಿಸಿಕೊಂಡರೆ ಹೆಂಗಸರಲ್ಲಿ ಆರಿಸಿಕೊಂಡವರು ನೂರಕ್ಕೆ 26. ಖಾಸಿಗಳಲ್ಲಿಯಾದರೋ ಹೆಂಗಸರು ನೂರಕ್ಕೆ 54, ಗಂಡಸರು 39. ಆ ಬಳಿಕ 2013ರಲ್ಲಿ, ಖಾಸಿಗಳ ನೆರೆಯವರೂ ಪಿತೃಪ್ರಧಾನರೂ ಆದ ಕಾರ್ಬಿ ಜನರ ಮಕ್ಕಳನ್ನೂ ಸೇರಿಸಿ ನೋಡಿದ ಫಲವು ಪ್ರಕಟವಾಯಿತು. ನನ್ನನ್ನು ಹೆಚ್ಚಾಗಿ ಕಾಡಿದುದು ಇದೇ. ಚಿಕ್ಕಂದಿನಲ್ಲಿ ಕಾರ್ಬಿ ಹುಡುಗಿಯರು ಹುಡುಗರಿಗಿಂತ ಹಿಂಜರಿಯುವವರಲ್ಲ. ಪ್ರಾಯಕ್ಕೆ ಬರುವ ಹೊತ್ತಿಗೆ ಹಿಂದೆಗೆಯತೊಡಗುತ್ತಾರೆ. ಖಾಸಿ ಹುಡುಗಿಯರಲ್ಲಿ ಆ ಬದಲಾವಣೆಯಿಲ್ಲ. ಹುಟ್ಟಿದಂದಿನಿಂದ ಇದ್ದ ಅಂಜಿಕೆಯಾಗಿದ್ದರೆ ಅದು ಹನ್ನೆರಡು ಹದಿಮೂರನೆಯ ವರ್ಷದವರೆಗೆ ಎಲ್ಲಿ ಅವಿತಿತ್ತು?

ಹಿಂಜರಿಕೆ ಯಾವುದರಿಂದ ಎಂಬುದಕ್ಕೆ ನಮ್ಮ ಒಣಬೇಸಾಯದ ಸೀಮೆಯಲ್ಲಿ ಒಂದು ಸೂಚನೆ ದೊರೆಯುತ್ತದೆ. ಹಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞನು ಮಹಾರಾಷ್ಟ್ರ ಮತ್ತು ಆಂಧ್ರದ ಹಳ್ಳಿಗಳಲ್ಲಿ ನಿಜವಾದ ಹಣವನ್ನೇ ಪಣವಾಗಿಟ್ಟು ರೈತರ ಮನಸ್ಸನ್ನು ಅಳೆದು 1980ರಲ್ಲಿ ಬರೆದನು. ಪಣವು ದೊಡ್ಡದಾದಾಗ ಸಿರಿವಂತನೂ ಬಡವನೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಅಂಜಿದರು. ಹಾಗಾದರೆ ಹೊಸ ಬೆಳೆಗೆ ಒಬ್ಬನು ಕೈಹಾಕಿ ಮತ್ತೊಬ್ಬನು ಹಾಕದಿರುವುದು ಎದೆಯ ಭೇದದಿಂದಲ್ಲ. ಒಬ್ಬನಿಗೆ ಸಾಲ ಹುಟ್ಟುತ್ತದೆ, ಇನ್ನೊಬ್ಬನಿಗೆ ಹುಟ್ಟುವುದಿಲ್ಲ. ಬಿದ್ದವನನ್ನು ಎತ್ತುವವರಿದ್ದಾರೆಯೆ ಎಂಬುದನ್ನು ನೋಡದೆ ಅವನ ಪುಕ್ಕಲುತನವನ್ನು ಅಳೆಯಹೊರಟರೆ ಅಳತೆ ತಪ್ಪುವುದು.

ಆ ಅಳತೆಯನ್ನು ನಾನೇ ತಪ್ಪಿಸಿದ್ದೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಬರೆದ ಲೆಕ್ಕವೆಲ್ಲವೂ ಸರಿ. ಬಾಯಿಬಿಟ್ಟು ಉತ್ತರ ಹೇಳೆಂದರೆ ತಲೆ ತಗ್ಗಿಸುವಳು. ತಪ್ಪು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುವುದು ನನ್ನ ಪದ್ಧತಿಯಾಗಿತ್ತು. ಹುಡುಗರು ನಿಂತುಕೊಂಡೇ ನಗುತ್ತಿದ್ದರು. ವರ್ಷದ ಕೊನೆಗೆ ಅವಳ ತಂದೆ ಬಂದು, ಮಗಳನ್ನು ಪಟ್ಟಣದ ಕಾಲೇಜಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಡಬಹುದೆ ಎಂದು ಕೇಳಿದರು. “ಬುದ್ಧಿ ಇದೆ ಸ್ವಾಮಿ, ಎದೆಗಾರಿಕೆ ಸಾಲದು. ತಾಯಿಯ ಸ್ವಭಾವ ಬಂದಿದೆ” ಎಂದೆನು. ಅವಳ ತಾಯಿಯನ್ನು ನಾನು ಎರಡು ಸಾರಿಯೂ ನೋಡಿದವನಲ್ಲ. ಹುಡುಗಿಯ ಓದು ಅಲ್ಲಿಗೆ ನಿಂತಿತು.

ಈಚೆಗೆ ಆಕೆ ನಮ್ಮ ಮನೆಗೆ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ಇದ್ದ ಮನೆಯನ್ನು ಒತ್ತೆಯಿಟ್ಟು ಹಿಟ್ಟಿನ ಗಿರಣಿ ಹಾಕಿದ್ದಾಳೆ. ಸಾಲ ಅರ್ಧ ತೀರಿದೆಯಂತೆ. ತರಗತಿಯಲ್ಲಿ ಬಾಯಿಬಿಡದವಳಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತಮ್ಮಾ ಎಂದು ಕೇಳಿದೆನು. “ಆಗ ಉತ್ತರ ಗೊತ್ತಿರುತ್ತಿತ್ತು ಮೇಷ್ಟ್ರೇ. ಬೆಂಚಿನ ಮೇಲೆ ನಿಂತೆನೆಂದು ಗೊತ್ತಾದರೆ ಶಾಲೆ ಬಿಡಿಸಬೇಕೆಂದು ಅಜ್ಜಿ ಕಾದಿದ್ದರು. ತಮ್ಮನೂ ಅದೇ ಶಾಲೆಯಲ್ಲಿದ್ದನಲ್ಲ” ಎಂದಳು. ಹುಡುಗರು ಒಂದು ನಗೆಯನ್ನು ಪಣವಾಗಿಟ್ಟು ಉತ್ತರ ಹೇಳುತ್ತಿದ್ದ ಕೋಣೆಯಲ್ಲಿ ಅವಳು ಇಡೀ ವಿದ್ಯಾಭ್ಯಾಸವನ್ನು ಪಣವಾಗಿಡಬೇಕಾಗಿತ್ತು. ನನ್ನ ಕಣ್ಣಿಗೆ ಇಬ್ಬರದೂ ಒಂದೇ ಬೆಂಚು.

ಅವಳ ತಂದೆಗೆ ನಾನು ಹೇಳಿದ ಮಾತು ಅವಳಿಗೆ ತಿಳಿಯದು. ಅಂದು ಹೇಳಿಬಿಡಬೇಕೆಂದು ಎರಡು ಸಾರಿ ಬಾಯಿಗೆ ಬಂದಿತು; ಹೇಳಲಿಲ್ಲ. ಕಾಫಿ ಕುಡಿದು ನಮಸ್ಕರಿಸಿ ಹೋದಳು. ಅವಳ ಮನೆಗೂ ಈ ಮಾಸಪತ್ರಿಕೆಯು ಹೋಗುತ್ತದೆಂದು ಬಲ್ಲೆನು.