ಎಲ್ಲರ ಹೊಣೆ, ಯಾರ ಮಗು?

ಕರಾವಳಿಯ ಹಳ್ಳಿಯೊಂದರಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಗಂಡ ಊರಲ್ಲಿಲ್ಲ. 2 ವರ್ಷದ ಮಗನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ. ಅಂಗನವಾಡಿ ಕಾರ್ಯಕರ್ತೆ ಅದನ್ನು ಅಳೆದು ದಾಖಲಿಸಿದರು. ಆರೋಗ್ಯ ಸಹಾಯಕಿ ಪರೀಕ್ಷಿಸಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಚೀಟಿ ಕೊಟ್ಟರು. ಅಲ್ಲಿ ತಾಯಿ ಮಗುವಿನೊಂದಿಗೆ ಸುಮಾರು 14 ದಿನ ಉಳಿಯಬೇಕು. ತಾಯಿ ಹೋಗಲಿಲ್ಲ. 'ತಿಳುವಳಿಕೆಯಿಲ್ಲದ ಹೆಂಗಸು' ಎಂದು ಎಲ್ಲರೂ ತೀರ್ಪು ಕೊಟ್ಟರು.

ಅವಳೇಕೆ ಹೋಗಲಿಲ್ಲ? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದಾರೆ, 10 ವರ್ಷದ ಮಗಳಿದ್ದಾಳೆ. ಕೇಂದ್ರದಲ್ಲಿ ಒಂದಿಷ್ಟು ಭತ್ಯೆ ಸಿಗಬಹುದು. ಆದರೆ ಆ ಭತ್ಯೆ ಬಂದು ಅತ್ತೆಗೆ ಗಂಜಿ ಕುಡಿಸುವುದಿಲ್ಲವಲ್ಲ! ತಾಯಿ ಹೋದರೆ ಮಗಳು ಶಾಲೆ ಬಿಟ್ಟು ಒಲೆಯ ಮುಂದೆ ಕೂರಬೇಕು. ಆಗ ಅದೇ ಮನೆ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಮತ್ತೊಂದು ಸಮಸ್ಯೆಯಾಗುತ್ತದೆ. ಒಂದು ಇಲಾಖೆಯ ಪರಿಹಾರ ಇನ್ನೊಂದು ಇಲಾಖೆಯ ತಲೆನೋವು!

ಇಲ್ಲಿ ತಪ್ಪು ಯಾರದು? ಅಳೆಯಬೇಕಾದವರು ಅಳೆದರು, ಬರೆಯಬೇಕಾದವರು ಬರೆದರು. ಪ್ರತಿಯೊಬ್ಬರೂ ಕರ್ತವ್ಯ ಮಾಡಿದ್ದಾರೆ. ಮಗು ಮಾತ್ರ ಇದ್ದಲ್ಲೇ ಇದೆ. ಹಾಗಾದರೆ ಕರ್ತವ್ಯ ಮುಗಿಯಿತೆಂದು ಹೇಳಲು ಸಾಧ್ಯವೇ?

ಹೊಣೆಯನ್ನು ಹಂಚಿಕೊಳ್ಳುವುದು ಬೇರೆ, ದಾಟಿಸುವುದು ಬೇರೆ. ಕೂಸನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಾಗ ಆ ಕೈ ಗಟ್ಟಿಯಾಗಿ ಹಿಡಿದಿದೆಯೆಂದು ತಿಳಿಯುವ ತನಕ ನಾವು ನಮ್ಮ ಕೈ ಬಿಡುವುದಿಲ್ಲ. ಇಲಾಖೆಗಳಿಗೂ ಅದೇ ನ್ಯಾಯ ಸಲ್ಲಬೇಕು.

ಇದು ಹೊಸ ಮಾತೇನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಟಿ. ನರಸೀಪುರದಿಂದ ಶುರುವಾಯಿತು. ಅದರ 6 ಸೇವೆಗಳ ಪೈಕಿ ಚುಚ್ಚುಮದ್ದು, ಆರೋಗ್ಯ ತಪಾಸಣೆ ಮತ್ತು ಆಸ್ಪತ್ರೆಗೆ ಕಳುಹಿಸುವುದು, ಈ 3 ಕೆಲಸಗಳು ಆರೋಗ್ಯ ಇಲಾಖೆಯ ನೆರವಿಲ್ಲದೆ ನಡೆಯುವಂತೆಯೇ ಇರಲಿಲ್ಲ. ಹಸಿವು, ರೋಗ, ಅಕ್ಷರ ಇವು ಮಗುವಿನ ಮೈಯಲ್ಲಿ ಬೇರೆಬೇರೆಯಾಗಿಲ್ಲ ಎಂಬುದು ಯೋಜನೆ ರೂಪಿಸಿದವರಿಗೆ ಗೊತ್ತಿತ್ತು. ಬೇರೆಬೇರೆ ಇರುವುದು ನಮ್ಮ ಕಡತಗಳು ಮಾತ್ರ.

ಹಾಗೆಂದು ಎಲ್ಲ ಭಾರವನ್ನೂ ಕಾರ್ಯಕರ್ತೆಯ ತಲೆಗೆ ಕಟ್ಟುವುದು ಅನ್ಯಾಯ. ಗೌರವಧನಕ್ಕೆ ದುಡಿಯುವ ಆಕೆಗೆ ಸಮೀಕ್ಷೆ, ವರದಿಗಳ ಹೊರೆ ಈಗಾಗಲೇ ಸಾಕಷ್ಟಿದೆ. ಇನ್ನೊಂದು ಅಪಾಯವೂ ಇದೆ. ಎಲ್ಲರೂ ಸೇರಿ ಒಂದು ಮನೆಯ ಬಗ್ಗೆ ಮಾತಾಡತೊಡಗಿದರೆ ಅದು ನೆರವಾಗುವ ಬದಲು ಕಾವಲಾಗಬಹುದು. ಬಡವರ ಮನೆಗೂ ಮಾನವಿದೆ. ಆದ್ದರಿಂದ ಆ ಮಾತುಕತೆಯಲ್ಲಿ ತಾಯಿಯೂ ಕುಳಿತಿರಬೇಕು. 2015ರ ಬಾಲನ್ಯಾಯ ಕಾಯ್ದೆ ಕೂಡ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಹೇಳುತ್ತದೆ. ಕುಟುಂಬಕ್ಕೆ ಹೊಣೆ ಹೊರಿಸಿದ ಮೇಲೆ ಅದನ್ನು ಹೊರುವ ಶಕ್ತಿಯನ್ನೂ ಕೊಡಬೇಡವೇ?

ದಾರಿ ಬಹಳ ದೂರವೇನಿಲ್ಲ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಗ್ರಾಮ ಆರೋಗ್ಯ ಮತ್ತು ಪೋಷಣೆ ದಿನಕ್ಕಾಗಿ ಆರೋಗ್ಯ ಸಹಾಯಕಿ, ಆಶಾ, ಅಂಗನವಾಡಿ ಕಾರ್ಯಕರ್ತೆ ಮೂವರೂ ಸೇರುತ್ತಾರೆ. ಅಲ್ಲಿಗೆ ಶಾಲೆಯ ಶಿಕ್ಷಕರನ್ನೂ ಪಂಚಾಯತ್ ಸದಸ್ಯರನ್ನೂ ಕರೆಯಬಹುದು. 'ಏಕೆ ಹೋಗಲಿಲ್ಲ?' ಎಂದು ಗದರಿಸುವ ಬದಲು 'ಹೋಗಲು ಏನು ಅಡ್ಡಿ?' ಎಂದು ಆ ತಾಯಿಯನ್ನು ಕೇಳಬಹುದು.

ಅಡ್ಡಿ ತಿಳಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಸರಕಾರವೇ ಬರಬೇಕೆಂದೇನೂ ಇಲ್ಲ. 14 ದಿನ ಆ ಅತ್ತೆಗೆ ಎರಡು ಹೊತ್ತು ಗಂಜಿ ಕೊಡಲು ಪಕ್ಕದ ಮನೆ ಸಾಕು. ಆ ಪಕ್ಕದ ಮನೆ ನಮ್ಮದೇ ಆಗಿರಬಾರದೇಕೆ?