ಬಂಧುಗಳಿಲ್ಲದವನಂತೆ

"ನೀವು ಯಾರು?" ಎಂದು ಕೇಳಿದರೆ ನಾವು ಹೆಸರು, ಊರು, ಉದ್ಯೋಗ ಹೇಳಿ ಮುಗಿಸುತ್ತೇವೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳ ಒಣಭೂಮಿಯಲ್ಲಿ ಬಾಳುವ ನವಾಹೋ ಆದಿವಾಸಿಗಳ ಸಂಪ್ರದಾಯ ಬೇರೆ. ಅವರು ತಾಯಿಯ ಕುಲ, ತಂದೆಯ ಕುಲ, ಬಳಿಕ ಇಬ್ಬರು ಅಜ್ಜಂದಿರ ಕುಲಗಳನ್ನು ಹೇಳುತ್ತಾರೆ. ಕೇಳುವವನ ಕುಲವೂ ಅವುಗಳಲ್ಲಿ ಒಂದಾದರೆ ಸಾಕು, ಅಪರಿಚಿತನೂ ಅಣ್ಣನಾಗುತ್ತಾನೆ, ಅಜ್ಜನಾಗುತ್ತಾನೆ. ಈ ಬಂಧುತ್ವಕ್ಕೆ ಅವರ ನುಡಿಯಲ್ಲಿ 'ಕೆ' ಎಂದು ಹೆಸರು.

1898ರಲ್ಲಿ ಅರಿಜೋನಾದ ಸೇಂಟ್ ಮೈಕಲ್ಸ್‌ನಲ್ಲಿ ನೆಲೆಸಿದ ಫ್ರಾನ್ಸಿಸ್ಕನ್ ಗುರುಗಳು ಬೋಧಿಸುವ ಮೊದಲು ಕಲಿಯಬೇಕೆಂದು ಅರಿತರು. ಆ ಜನರ ಮಾತನ್ನು, ಆಚಾರಗಳನ್ನು ಕೇಳಿ ಕಲಿತು 1910ರಲ್ಲಿ ನಿಘಂಟನ್ನೇ ಹೊರತಂದರು.

ಗುರುಮಠದಲ್ಲಿ ನಾವು ಬೊಯೇಥಿಯಸನ ವ್ಯಾಖ್ಯೆ ಓದಿದ್ದೆವು: ವ್ಯಕ್ತಿ ಎಂದರೆ ವಿಚಾರಶಕ್ತಿಯುಳ್ಳ ಬಿಡಿ ಸತ್ವ. ಅದು ಸರಿಯೇ. ಆದರೆ ನವಾಹೋ ಹಿರಿಯರು ಕೇಳಿಯಾರು: ಬಿಡಿಯಾಗಿ ಯಾರು ತಾನೇ ಹುಟ್ಟಿದ್ದಾರೆ?

ಅವರ ಮನೆಯಲ್ಲಿ ಕೂಸು ಮೊದಲ ಬಾರಿ ನಕ್ಕಾಗ ಒಂದು ಹಬ್ಬ. ನಗಿಸಿದವರೇ ಅದರ ಆತಿಥ್ಯ ವಹಿಸಬೇಕು. ಕೂಸಿನ ಕೈ ಹಿಡಿದು ಬಂದವರಿಗೆಲ್ಲ ಉಪ್ಪು, ತಿಂಡಿ ಕೊಡಿಸುತ್ತಾರೆ. ಮಾತು ಬರುವ ಮೊದಲೇ ಕೂಸು ಕೊಡುವುದನ್ನು ಕಲಿಯಲಿ ಎಂಬುದು ಆಶಯ.

ಹಾಗಾದರೆ ತಪ್ಪು ಮಾಡಿದವನು ಯಾರು? "ಬಂಧುಗಳೇ ಇಲ್ಲದವನಂತೆ ನಡೆದುಕೊಂಡ" ಎನ್ನುತ್ತಾರೆ ಅವರು. ಇಲ್ಲಿ ಖಂಡನೆಯಿದೆ, ಆದರೆ ಬಾಗಿಲು ಮುಚ್ಚಿಲ್ಲ. ಅವನಿಗೆ ಬಂಧುಗಳಿದ್ದಾರೆ, ಅವನು ಮರೆತಿದ್ದಾನೆ, ಅಷ್ಟೆ. 1982ರಲ್ಲಿ ನವಾಹೋ ನ್ಯಾಯಾಲಯಗಳು ಈ ಹಳೆಯ ಪದ್ಧತಿಗೆ ಮತ್ತೆ ಜೀವ ಕೊಟ್ಟವು. ತಪ್ಪಿತಸ್ಥ, ನೊಂದವರು, ಇಬ್ಬರ ಬಂಧುಗಳು ಒಬ್ಬ ಹಿರಿಯರ ಮುಂದೆ ಕೂಡಿ ಮಾತನಾಡುತ್ತಾರೆ.

ಹೀಗೆ ಬಂಧುಗಳು ಸೇರಿದರೆ ತಪ್ಪು ಮುಚ್ಚಿಹೋಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ನೊಂದವಳಿಗೆ ಬಾಯಿ ಬಿಡಲು ಭಯವಿರುವ ಕಡೆ ಇಂಥ ಕೂಟ ನ್ಯಾಯವಾಗದು, ಒತ್ತಾಯವಾದೀತು. ಅದಕ್ಕೇ ಅವರಲ್ಲಿ ಬರಿಯ ಕ್ಷಮಾಪಣೆ ಸಾಲದು, ನಷ್ಟವನ್ನು ತುಂಬಿಕೊಡಬೇಕು. ಅವನ ಬಂಧುಗಳೂ ಆ ಹೊರೆಗೆ ಹೆಗಲು ಕೊಡುತ್ತಾರೆ. ಹೆಗಲು ಕೊಟ್ಟವರಿಗೆ ಅವನನ್ನು ತಿದ್ದುವ ಹಕ್ಕೂ ಬರುತ್ತದೆ.

ಮನೆಭೇಟಿಗೆ ಹೋದಾಗ, ಕುಡಿತಕ್ಕೋ ಜೂಜಿಗೋ ಬಿದ್ದ ಮಗನನ್ನು ಕುರಿತು "ಅವನು ನಮ್ಮ ಮಗನೇ ಅಲ್ಲ, ಗುರುಗಳೇ" ಎಂದ ಹೆತ್ತವರನ್ನು ಕಂಡಿದ್ದೇನೆ. ಆ ನೋವು ಸುಳ್ಳಲ್ಲ. ಆದರೆ ಬಂಧುಗಳಿಲ್ಲದವನಂತೆ ನಡೆದವನಿಗೆ ನಾವೂ "ನಿನಗೆ ಯಾರೂ ಇಲ್ಲ" ಎಂದರೆ ಅವನ ತಪ್ಪನ್ನೇ ನಿಜ ಮಾಡಿದಂತಾಗುವುದಿಲ್ಲವೇ? ಸಾಲ ತೀರಿಸು, ಕ್ಷಮೆ ಕೇಳು, ದುಡಿ ಎಂದು ಕಟ್ಟುನಿಟ್ಟಾಗಿ ಹೇಳೋಣ. ಆದರೆ "ನೀನು ನಮ್ಮವನು" ಎಂಬ ಮಾತನ್ನು ಮೊದಲು ಹೇಳೋಣ.